ಸಂಶೋಧನಾ ತಂಡದೊಳಗಿನ ಮಹಿಳೆ: ಬೆಂಗಳೂರಿನ ಒಂದು ಪ್ರಯೋಗಾಲಯದ ಚರಿತ್ರೆ ಮತ್ತು ಅದರ ಹೊರನಾಡಿನ ಕೊಂಡಿಗಳು

1

ವಿಜ್ಞಾನದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ವ್ಯಕ್ತಿಗಳ ಚರಿತ್ರೆಯಾಗಿಯೇ ಬರೆಯುತ್ತ ಬಂದಿದ್ದೇವೆ. ಒಬ್ಬ ಮೇಧಾವಿ, ಅವನಿಗೆ ಹೊಳೆದ ಒಂದು ತತ್ತ್ವ, ಅದಕ್ಕೆ ಲೋಕದಿಂದ ದೊರೆತ ಮನ್ನಣೆ, ಇದು ವಿಜ್ಞಾನಿಗಳ ಜೀವನಚರಿತ್ರೆಗಳು ಸಾಮಾನ್ಯವಾಗಿ ಹಿಡಿಯುವ ಜಾಡು. ಆದರೆ ಇಪ್ಪತ್ತನೆಯ ಶತಮಾನದ ಪ್ರಯೋಗವಿಜ್ಞಾನವು ಏಕಾಂಗಿಯ ಸಾಧನೆಯಾಗಿ ಬೆಳೆದದ್ದು ಕಡಿಮೆ. ಒಂದು ಉಪಕರಣದ ಸುತ್ತ, ಒಬ್ಬ ಪ್ರಾಧ್ಯಾಪಕರ ಸುತ್ತ ನೆರೆದ ತಂಡವೇ ಅದರ ನಿಜವಾದ ಘಟಕ. ಯಾರಿಗೆ ಮೇಜು ದೊರೆಯಿತು, ಯಾರ ಹೆಸರು ಲೇಖನದ ಮೇಲೆ ಬಂದಿತು, ಯಾರ ಪರವಾಗಿ ಶಿಫಾರಸು ಪತ್ರ ಹೋಯಿತು ಎಂಬ ಸಣ್ಣ ಸಂಗತಿಗಳೇ ಒಬ್ಬ ಸಂಶೋಧಕರ ವೃತ್ತಿಜೀವನವನ್ನು ರೂಪಿಸಿವೆ.

ಈ ದೃಷ್ಟಿಯಿಂದ ನೋಡಿದಾಗ ವಿಜ್ಞಾನದಲ್ಲಿ ಮಹಿಳೆಯರ ಸ್ಥಾನದ ಪ್ರಶ್ನೆಯು ಪ್ರವೇಶದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಬಾಗಿಲು ತೆರೆದ ಮೇಲೆ ಒಳಗೆ ಏನಾಯಿತು ಎಂಬುದನ್ನೂ ಕೇಳಬೇಕಾಗುತ್ತದೆ. ಸಹಕಾರದ ಸಂಶೋಧನೆಯು ಮಹಿಳೆಯರಿಗೆ ಸಹಜವಾಗಿಯೇ ಅನುಕೂಲಕರ ಎಂಬ ಅಭಿಪ್ರಾಯವೊಂದಿದೆ; ತಂಡದಲ್ಲಿ ಅವರ ದುಡಿಮೆ ಇತರರ ಹೆಸರಿನಲ್ಲಿ ಕರಗಿಹೋಗುತ್ತದೆ ಎಂಬ ವಿರುದ್ಧ ಅಭಿಪ್ರಾಯವೂ ಇದೆ. ಎರಡಕ್ಕೂ ಚರಿತ್ರೆಯಲ್ಲಿ ಸಾಕ್ಷ್ಯಗಳಿವೆ. ಪ್ರಸ್ತುತ ಲೇಖನದ ಉದ್ದೇಶ ಈ ವಾದವನ್ನು ಒಂದು ಕಡೆಗೆ ತೀರ್ಮಾನಿಸುವುದಲ್ಲ. ಒಂದು ತಂಡವು ತನ್ನವರೊಡನೆ ಏನನ್ನು ಹಂಚಿಕೊಂಡಿತು, ಏನನ್ನು ಹಂಚಿಕೊಳ್ಳಲಿಲ್ಲ ಎಂಬುದನ್ನು ಬಿಡಿಸಿ ನೋಡುವುದು. ಉಪಕರಣ, ಮಾತು, ಹೆಸರು, ಶಿಫಾರಸು ಎಂಬ ನಾಲ್ಕು ಸಂಗತಿಗಳನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ. ಅಧ್ಯಯನದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಈ ಸಂಸ್ಥೆಯ ಕಥೆ ಮುಂಬಯಿ, ಪುಣೆ, ಮದ್ರಾಸುಗಳವರೆಗೆ ಚಾಚಿಕೊಂಡಿದೆ.

2

ಸಿ.ವಿ. ರಾಮನ್ ಅವರು 1933ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿ ಕಲ್ಕತ್ತೆಯಿಂದ ಬಂದರು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಕಮಲಾ ಭಾಗವತ್ (ವಿವಾಹಾನಂತರ ಕಮಲಾ ಸೊಹೊನಿ) ಸಂಶೋಧನೆಗಾಗಿ ಅರ್ಜಿ ಸಲ್ಲಿಸಿದರು. ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಕಲಿತ ರಸಾಯನವಿಜ್ಞಾನಿಗಳು. ಆದರೂ ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಅವರು ಪಟ್ಟು ಬಿಡದಿದ್ದಾಗ ಷರತ್ತುಗಳೊಡನೆ ಪ್ರವೇಶ ದೊರೆಯಿತು: ಮೊದಲ ಒಂದು ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸಲಾಗದು, ಮಾರ್ಗದರ್ಶಕರು ಬಯಸಿದಾಗ ರಾತ್ರಿಯಾದರೂ ಕೆಲಸ ಮಾಡಬೇಕು, ಅವರ ಇರವಿನಿಂದ ಪುರುಷ ಸಂಶೋಧಕರ ಏಕಾಗ್ರತೆಗೆ ಭಂಗ ಬರಬಾರದು. ವರ್ಷ ಕಳೆದ ಮೇಲೆ ರಾಮನ್ ತೃಪ್ತರಾಗಿ ಅವರನ್ನು ಪೂರ್ಣಾವಧಿಗೆ ಸೇರಿಸಿಕೊಂಡರು. ಆ ಅವಮಾನವನ್ನು ಕಮಲಾ ಅವರು ಮಾತ್ರ ಮರೆಯಲಿಲ್ಲ. 1997ರಲ್ಲಿ, ತಮ್ಮ ಮುಪ್ಪಿನಲ್ಲಿ, ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಅವರು ಅದನ್ನು ಬಹಿರಂಗವಾಗಿ ನೆನೆದರು.

ಈ ಪ್ರಸಂಗ ಈಗ ಸಾಕಷ್ಟು ಪ್ರಚಲಿತವಾಗಿದೆ. ಇದರ ಎರಡನೆಯ ಭಾಗವೇ ನಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಪಟ್ಟದ್ದು. ಸಂಸ್ಥೆಯ ನಿಯಮ ಕಠೋರವಾಗಿತ್ತು. ಆದರೆ ಕಮಲಾ ಅವರು ದಿನನಿತ್ಯ ದುಡಿದದ್ದು ಜೀವರಸಾಯನ ವಿಭಾಗದಲ್ಲಿ, ಎಂ. ಶ್ರೀನಿವಾಸಯ್ಯ ಅವರ ಬಳಿ. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲಿನ ಕೆಲಸಕ್ಕೆ ಆ ಮಾರ್ಗದರ್ಶಕರು ಪ್ರಯೋಗಸಾಮಗ್ರಿಯ ಜೊತೆಗೆ ಓದಿನ ದಾರಿಯನ್ನೂ ತೋರಿಸಿದರು. ಅಂದು ಸಂಸ್ಥೆಗೆ ಸ್ವತಃ ಪದವಿ ನೀಡುವ ಅಧಿಕಾರವಿರಲಿಲ್ಲ; ವಿಶ್ವವಿದ್ಯಾಲಯದ ಸಮಾನ ಸ್ಥಾನ ಅದಕ್ಕೆ ಬಂದದ್ದು 1958ರಲ್ಲಿ. ಆದ್ದರಿಂದ ಬೆಂಗಳೂರಿನಲ್ಲಿ ನಡೆದ ಕೆಲಸವನ್ನು ಹೊರಗಿನ ವಿಶ್ವವಿದ್ಯಾಲಯವೊಂದಕ್ಕೆ ಸಲ್ಲಿಸಿ ಪದವಿ ಪಡೆಯಬೇಕಾಗಿತ್ತು. ಕಮಲಾ ಅವರು 1936ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪಡೆದರು. ಆ ಪದವಿಯ ಬಲದಿಂದ ಕೇಂಬ್ರಿಜ್‌ಗೆ ಹೋಗುವುದು ಸಾಧ್ಯವಾಯಿತು.

ಕೇಂಬ್ರಿಜ್‌ನಲ್ಲಿ ಅವರು ಸೇರಿದ್ದು ಎಫ್.ಜಿ. ಹಾಪ್ಕಿನ್ಸ್ ಅವರ ಜೀವರಸಾಯನ ಪ್ರಯೋಗಾಲಯ. ಮಹಿಳಾ ಸಂಶೋಧಕರಿಗೆ ಧಾರಾಳವಾಗಿ ಎಡೆಮಾಡಿಕೊಟ್ಟ ಸ್ಥಳವೆಂದು ಅದು ಹೆಸರಾಗಿತ್ತು. 1945ರಲ್ಲಿ ರಾಯಲ್ ಸೊಸೈಟಿಗೆ ಚುನಾಯಿತರಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದ ಮಾರ್ಜರಿ ಸ್ಟೀಫನ್‌ಸನ್ ಅಲ್ಲಿಯವರೇ. ಮೊದಲು ಡೆರೆಕ್ ರಿಕ್ಟರ್, ಅನಂತರ ರಾಬಿನ್ ಹಿಲ್ ಅವರೊಡನೆ ದುಡಿದ ಕಮಲಾ ಅವರು ಸಸ್ಯಗಳ ಅಂಗಾಂಶದಲ್ಲಿ ಸೈಟೊಕ್ರೋಮ್ ಸಿ ಇರುವುದನ್ನು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಹಾಗೆಂದು ಹಾಪ್ಕಿನ್ಸ್ ತಂಡವನ್ನು ಆದರ್ಶವೆಂದು ಭ್ರಮಿಸಬೇಕಾಗಿಲ್ಲ. ಅಲ್ಲಿ ಮೇಜು, ಮಾತು, ಹೆಸರು ದೊರೆತರೂ ಖಾಯಂ ಹುದ್ದೆ ದೊರೆಯುವುದು ದುರ್ಲಭವಾಗಿತ್ತು. 1948ರಲ್ಲಿ ರಾಯಲ್ ಸೊಸೈಟಿಯ ಸದಸ್ಯೆಯಾದ ಡೊರೊಥಿ ನೀಡಮ್ ಅವರು ವೃತ್ತಿಜೀವನದ ಬಹುಭಾಗವನ್ನು ತಾತ್ಕಾಲಿಕ ಅನುದಾನಗಳ ಮೇಲೆಯೇ ಕಳೆದರು.

ಭಾರತಕ್ಕೆ ಮರಳಿದ ಕಮಲಾ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಕೂನೂರಿನ ಪೋಷಣಾ ಸಂಶೋಧನಾಲಯಗಳಲ್ಲಿ ದುಡಿದು, 1947ರಲ್ಲಿ ವಿವಾಹವಾಗಿ ಮುಂಬಯಿಗೆ ಬಂದರು. ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಕೊನೆಗೆ ನಿರ್ದೇಶಕಿಯಾಗಿ, ವಿದ್ಯಾರ್ಥಿಗಳ ತಂಡವೊಂದನ್ನು ತಾವೇ ಕಟ್ಟಿ ನೀರಾ ಹಾಗೂ ದ್ವಿದಳ ಧಾನ್ಯಗಳ ಪೋಷಕಾಂಶಗಳನ್ನು ಅಧ್ಯಯನಮಾಡಿದರು. ಪ್ರವೇಶವನ್ನೇ ನಿರಾಕರಿಸಿಕೊಂಡಿದ್ದವರು ನೆಲೆ ಕಂಡದ್ದು ಹೀಗೆ.

3

ಕಮಲಾ ಅವರ ಅನಂತರ ಬಂದವರಿಗೆ ಪ್ರವೇಶದ ತೊಡಕು ಅಷ್ಟಾಗಿ ಇರಲಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಭೌತವಿಜ್ಞಾನದ ಆನರ್ಸ್ ಮುಗಿಸಿದ ಅನ್ನಾ ಮಣಿ 1940ರಲ್ಲಿ ವಿದ್ಯಾರ್ಥಿವೇತನದೊಡನೆ ಬೆಂಗಳೂರಿಗೆ ಬಂದು ಸ್ವತಃ ರಾಮನ್ ಅವರ ತಂಡವನ್ನೇ ಸೇರಿದರು. ಅದೇ ತಂಡದಲ್ಲಿ ಸುನಂದಾ ಬಾಯಿ ಅವರು ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಕುರಿತು ದುಡಿಯುತ್ತಿದ್ದರು.

ಅನ್ನಾ ಮಣಿ ಅವರ ವಿಷಯ ವಜ್ರ ಮತ್ತು ಮಾಣಿಕ್ಯಗಳ ರೋಹಿತ. ರಾಮನ್ ಅವರ ವಜ್ರಗಳ ಸಂಗ್ರಹ ಪ್ರಸಿದ್ಧವಾದದ್ದು. ಅದು ಈ ವಿದ್ಯಾರ್ಥಿನಿಗೆ ಮುಕ್ತವಾಗಿತ್ತು. ಹರಳನ್ನು ದ್ರವವಾಯುವಿನ ಶೈತ್ಯದಲ್ಲಿರಿಸಿ, ಅದರ ಕ್ಷೀಣವಾದ ದೀಪ್ತಿಯನ್ನು ಛಾಯಾಫಲಕದ ಮೇಲೆ ಹಿಡಿಯಲು ಕೆಲವೊಮ್ಮೆ 15ರಿಂದ 20 ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ರಾತ್ರಿಗಳು ಪ್ರಯೋಗಾಲಯದಲ್ಲಿಯೇ ಕಳೆಯುತ್ತಿದ್ದವು. 1942ರಿಂದ 1945ರವರೆಗೆ ಅವರು ಐದು ಲೇಖನಗಳನ್ನು ಪ್ರಕಟಿಸಿದರು. ಐದರಲ್ಲಿಯೂ ಅವರೊಬ್ಬರದೇ ಹೆಸರು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ವಿದ್ಯಾರ್ಥಿಯ ಕೆಲಸವನ್ನು ವಿದ್ಯಾರ್ಥಿಯ ಹೆಸರಿನಲ್ಲಿಯೇ ಪ್ರಕಟಗೊಳಿಸುವುದು ರಾಮನ್ ಅವರ ತಂಡದಲ್ಲಿ ಅಪರೂಪವೇನೂ ಆಗಿರಲಿಲ್ಲ. ಈ ಔದಾರ್ಯ ಪುರುಷರಿಗೂ ಮಹಿಳೆಯರಿಗೂ ಸಮಾನವಾಗಿಯೇ ಸಂದಿತು. ನಮ್ಮ ನಾಲ್ಕು ಅಳತೆಗೋಲುಗಳಲ್ಲಿ ಉಪಕರಣ ಮತ್ತು ಹೆಸರು ಎಂಬ ಎರಡರಲ್ಲಿ ಆ ತಂಡ ಕೊರತೆ ಮಾಡಲಿಲ್ಲ. ಕೊರತೆಯಾದದ್ದು ಮಾತಿನಲ್ಲಿ. ಅಭಾ ಸೂರ್ ಅವರು ‘ಡಿಸ್ಪರ್ಸ್ಡ್ ರೇಡಿಯನ್ಸ್’ (2011) ಎಂಬ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ರಾಮನ್ ಅವರು ಪ್ರಯೋಗಾಲಯದಲ್ಲಿ ಗಂಡುಹೆಣ್ಣುಗಳ ನಡುವೆ ಬಿಗಿಯಾದ ಅಂತರವನ್ನು ಕಾಯ್ದಿದ್ದರು. ಪುರುಷ ಸಹಪಾಠಿಗಳೊಡನೆ ಸಲೀಸಾಗಿ ನಿಂತು ಮಾತನಾಡುವುದು, ಫಲಿತಾಂಶಗಳನ್ನು ಚರ್ಚಿಸುವುದು ಅನ್ನಾ ಮಣಿ, ಸುನಂದಾ ಬಾಯಿ ಅವರಿಗೆ ಸಾಧ್ಯವಿರಲಿಲ್ಲ. ಒಬ್ಬಂಟಿ ಹೆಸರು ಮನ್ನಣೆಯ ಗುರುತು ಹೌದು. ಈ ಸಂದರ್ಭದಲ್ಲಿ ಅದು ಒಬ್ಬಂಟಿತನದ ಗುರುತೂ ಹೌದು.

1945ರ ಆಗಸ್ಟ್‌ನಲ್ಲಿ ಅನ್ನಾ ಮಣಿ ತಮ್ಮ ಪಿಎಚ್.ಡಿ. ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ವಿಶ್ವವಿದ್ಯಾಲಯ ಪದವಿಯನ್ನು ನೀಡಲಿಲ್ಲ. ಅವರ ಆನರ್ಸ್ ಪದವಿಯಾಗಲಿ, ಪ್ರಕಟವಾಗಿದ್ದ ಐದು ಲೇಖನಗಳಾಗಲಿ ಗಣನೆಗೆ ಬರಲಿಲ್ಲ. ಆ ಪ್ರಬಂಧದ ಪ್ರತಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಸುನಂದಾ ಬಾಯಿ ಅವರ ಪ್ರಬಂಧಕ್ಕೂ ಪದವಿ ದೊರೆಯಲಿಲ್ಲ. ಮುಂದಿನ ಸಂಶೋಧನೆಗಾಗಿ ಸ್ವೀಡನ್ ದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಅವರು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಈ ಸಾವನ್ನು ಯಾವುದೇ ಒಂದು ಕಾರಣಕ್ಕೆ ಕಟ್ಟಿಹಾಕುವುದು ಚರಿತ್ರಕಾರನಿಗೆ ತಕ್ಕದ್ದಲ್ಲ.

ಪದವಿಯ ನಿರಾಕರಣೆಯನ್ನು ವಿಶ್ವವಿದ್ಯಾಲಯದ ಕುರುಡು ನಿಯಮವೆಂದು ಬದಿಗಿಡಬಹುದು. ಆದರೆ ಅದೇ ತಂಡದ ಮತ್ತೊಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟಾಗ ಪ್ರಶ್ನೆ ಬೇರೆಯಾಗುತ್ತದೆ. 1942ರಲ್ಲಿ ಸಂಸ್ಥೆಗೆ ಬಂದ ಜಿ.ಎನ್. ರಾಮಚಂದ್ರನ್ ಅವರು ಬೆಂಗಳೂರಿನಿಂದಲೇ ಪ್ರಬಂಧ ಸಲ್ಲಿಸಿ ಮದ್ರಾಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದರು, 1947ರಲ್ಲಿ ಡಿ.ಎಸ್ಸಿ. ಪದವಿಯೂ ಅವರಿಗೆ ಸಂದಿತು. ಅಂದರೆ ಪ್ರಯೋಗಾಲಯವನ್ನು ಬಿಡದೆಯೇ ಎಂ.ಎಸ್ಸಿ. ಪಡೆಯುವ ದಾರಿಯೊಂದಿತ್ತು, ಮುಂಬಯಿ ವಿಶ್ವವಿದ್ಯಾಲಯದ ಮೂಲಕ ಕಮಲಾ ಅವರೂ ಅಂಥದೇ ದಾರಿಯಲ್ಲಿ ನಡೆದಿದ್ದರು. ಐದು ವರ್ಷಗಳ ಕಾಲ ಅದೇ ತಂಡದಲ್ಲಿದ್ದ ಅನ್ನಾ ಮಣಿ ಆ ದಾರಿಯನ್ನು ಹಿಡಿಯಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತೆಂದು ಒಪ್ಪಿದರೂ, ನಿಯಮವನ್ನು ಕುರಿತ ತಿಳಿವಳಿಕೆ ಎಲ್ಲರಿಗೂ ಒಂದೇ ರೀತಿ ತಲುಪಿತ್ತೇ?

ಇಂತಹ ತಿಳಿವಳಿಕೆ ಮುದ್ರಿತ ಪುಸ್ತಕದಿಂದ ಬರುವಂಥದಲ್ಲ. ಯಾವ ಅರ್ಜಿಯನ್ನು ಯಾವಾಗ ತುಂಬಬೇಕು, ಯಾವ ಪದವಿ ಯಾವುದಕ್ಕೆ ಮೆಟ್ಟಿಲು, ಯಾರ ಸಹಿ ಬೇಕು ಎಂಬುದೆಲ್ಲ ಹಿರಿಯ ಸಂಶೋಧಕರಿಂದ ಕಿರಿಯರಿಗೆ ಕಾಫಿಯ ಹೊತ್ತಿನಲ್ಲಿ, ಜಗಲಿಯ ಮೇಲಿನ ಹರಟೆಯಲ್ಲಿ ದಾಟುವ ಕಿವಿಮಾತು. ಹರಟೆಗೇ ನಿರ್ಬಂಧವಿದ್ದ ಕಡೆ ಕಿವಿಮಾತು ದಾಟುವುದು ಹೇಗೆ? ಇದು ಊಹೆಯೆಂದು ಒಪ್ಪಿಕೊಂಡೇ ಹೇಳುವುದಾದರೆ, ಅನ್ನಾ ಮಣಿ ಅವರ ಪದವಿ ಕಳೆದುಹೋದದ್ದು ಬೆಂಗಳೂರು ಮತ್ತು ಮದ್ರಾಸುಗಳ ನಡುವಿನ ಆಡಳಿತದ ಬಿರುಕಿನಲ್ಲಿ. ಆ ಬಿರುಕನ್ನು ದಾಟಿಸಬೇಕಾಗಿದ್ದದ್ದು ತಂಡ.

ಅನ್ನಾ ಮಣಿ ಸೋತು ಕೂರಲಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳಲ್ಲಿ ಪರಿಣತಿ ಪಡೆದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಎಸ್.ಪಿ. ವೆಂಕಟೇಶ್ವರನ್ ಅವರ ನೇತೃತ್ವದ ಉಪಕರಣ ವಿಭಾಗದಲ್ಲಿ ದುಡಿದು, 1953ರಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. ಸುಮಾರು ನೂರು ಉಪಕರಣಗಳ ನಕ್ಷೆಗಳು ಅವರ ಮೇಲ್ವಿಚಾರಣೆಯಲ್ಲಿ ಪ್ರಮಾಣೀಕರಣಗೊಂಡವು. ಸೌರವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲ ರೂಪುಗೊಂಡಿತು. 1976ರಲ್ಲಿ ಅವರು ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಪದವಿಗಿಂತ ಕೆಲಸವನ್ನೇ ಮುಖ್ಯವೆಂದು ಎಣಿಸಿದ ಪುಣೆಯ ಕಾರ್ಯಾಗಾರ ಅವರನ್ನು ಪೂರ್ಣವಾಗಿ ಬಳಸಿಕೊಂಡಿತು. ತಮ್ಮನ್ನು ಅನ್ಯಾಯಕ್ಕೆ ಒಳಗಾದವರೆಂದು ಚಿತ್ರಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಈ ನಿಲುವನ್ನು ಗೌರವಿಸಬೇಕು. ಆದರೆ ವ್ಯಕ್ತಿಯ ಸ್ಥೈರ್ಯವನ್ನು ವ್ಯವಸ್ಥೆಯ ನಿರ್ದೋಷಿತ್ವಕ್ಕೆ ಸಾಕ್ಷಿಯಾಗಿ ಬಳಸುವಂತಿಲ್ಲ.

4

ಬೆಂಗಳೂರಿನಲ್ಲಿ ಕಂಡ ಕೊರತೆ ಅಲ್ಲಿಗೇ ವಿಶಿಷ್ಟವೇ ಎಂಬುದನ್ನು ತಿಳಿಯಲು ಅದೇ ಕಾಲದ ಬೇರೆ ತಂಡಗಳನ್ನು ನೋಡುವುದು ಅವಶ್ಯ. ಕಲ್ಕತ್ತೆಯಲ್ಲಿ 1936ರಲ್ಲಿ ಎಂ.ಎಸ್ಸಿ. ಮುಗಿಸಿದ ವಿಭಾ ಚೌಧುರಿ ಅವರು ಬೋಸ್ ಸಂಸ್ಥೆಯ ಡಿ.ಎಂ. ಬೋಸ್ ಅವರೊಡನೆ ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. ಡಾರ್ಜಿಲಿಂಗ್, ಸಂದಕ್‌ಫು ಮುಂತಾದ ಎತ್ತರದ ನೆಲೆಗಳಲ್ಲಿ ಛಾಯಾಫಲಕಗಳನ್ನು ತಿಂಗಳುಗಟ್ಟಲೆ ಇರಿಸಿ, ಅವುಗಳ ಮೇಲೆ ಮೂಡಿದ ಗೆರೆಗಳಿಂದ ಕಣಗಳ ತೂಕವನ್ನು ಗಣಿಸುವುದು ಅವರ ವಿಧಾನ. ಇಬ್ಬರ ಹೆಸರಿನಲ್ಲಿಯೂ ‘ನೇಚರ್’ ಪತ್ರಿಕೆಯಲ್ಲಿ ಲೇಖನಗಳು ಬಂದವು. ಮಾತು, ಹೆಸರು ಎರಡನ್ನೂ ಈ ಪುಟ್ಟ ತಂಡ ಹಂಚಿಕೊಂಡಿತು. ಕೈಕೊಟ್ಟದ್ದು ಸಾಮಗ್ರಿ: ಮಹಾಯುದ್ಧದ ಕಾಲದಲ್ಲಿ ಉತ್ತಮ ದರ್ಜೆಯ ಫಲಕಗಳು ಭಾರತಕ್ಕೆ ಬರಲಿಲ್ಲ. 1947ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಿ.ಎಫ್. ಪೊವೆಲ್ ಅವರ ತಂಡ ಸುಧಾರಿತ ಫಲಕಗಳಿಂದ ಪೈ ಮೆಸಾನ್ ಕಣವನ್ನು ಖಚಿತವಾಗಿ ಗುರುತಿಸಿತು. 1950ರ ನೊಬೆಲ್ ಬಹುಮಾನ ಪೊವೆಲ್ ಅವರಿಗೆ ಸಂದಿತು. ವಿಭಾ ಅವರು ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಬಳಿ ಸಂಶೋಧನೆ ನಡೆಸಿ, 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿಯಾದರು. 1991ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ವಿದ್ವತ್ ವಲಯದಾಚೆ ಪ್ರಚಾರಕ್ಕೆ ಬಂದದ್ದು 2018ರಲ್ಲಿ ಅವರ ಜೀವನಚರಿತ್ರೆಯೊಂದು ಪ್ರಕಟವಾದ ಮೇಲೆ. 2019ರಲ್ಲಿ ನಕ್ಷತ್ರವೊಂದಕ್ಕೆ ಅವರ ಹೆಸರನ್ನಿಡಲಾಯಿತು.

ಅನುಕೂಲವಾದ ಸಾಮಗ್ರಿ ಇದ್ದ ಬ್ರಿಸ್ಟಲ್‌ನ ಒಳಗೂ ಕಥೆ ಸರಳವಾಗಿಲ್ಲ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಫಲಕಗಳನ್ನು ಇಂಚಿಂಚಾಗಿ ಪರಿಶೀಲಿಸುತ್ತಿದ್ದವರು ಹೆಚ್ಚಾಗಿ ಮಹಿಳೆಯರು. ಪೈ ಮೆಸಾನಿನ ಮೊದಲ ಗುರುತನ್ನು ಕಂಡವರು ಮರಿಯೆಟಾ ಕುರ್ಟ್ಸ್. ಆದರೆ ಆ ಶೋಧದ ಲೇಖನಕ್ಕೆ ಅವರು ಲೇಖಕಿಯಲ್ಲ. 1948ರಲ್ಲಿ ಮೂರು ಪಯಾನುಗಳಾಗಿ ಒಡೆಯುವ ಹೊಸ ಕಣದ ಗೆರೆಯನ್ನು ಗುರುತಿಸಿದ ಸಂಶೋಧನ ವಿದ್ಯಾರ್ಥಿನಿ ರೋಸ್ಮೆರಿ ಬ್ರೌನ್ ಅವರ ಹೆಸರು 1949ರ ಲೇಖನದಲ್ಲಿ ಮೊದಲನೆಯದಾಗಿಯೇ ಬಂದಿತು. ಆದರೆ ಅದೇ ವರ್ಷ ಸಹೋದ್ಯೋಗಿ ಪೀಟರ್ ಫೌಲರ್ ಅವರನ್ನು ವಿವಾಹವಾಗಿ ಅವರು ಪಿಎಚ್.ಡಿ. ಮುಗಿಸದೆ ಸಂಶೋಧನೆಯನ್ನು ಬಿಟ್ಟರು. ಬ್ರಿಸ್ಟಲ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 2024ರಲ್ಲಿ, ಅವರ 98ನೆಯ ವಯಸ್ಸಿನಲ್ಲಿ. ತಂಡದೊಳಗೆ ಹೆಸರು ದೊರೆತರೂ, ಮದುವೆಯಾದ ಹೆಣ್ಣಿಗೆ ಮುಂದಿನ ದಾರಿಯನ್ನು ಕಾದಿರಿಸುವ ಏರ್ಪಾಡು ಇರಲಿಲ್ಲ.

5

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದನ್ನು ನೋಡದಿದ್ದರೆ ಚರ್ಚೆ ಏಕಮುಖವಾದೀತು. ಡೊರೊಥಿ ಹಾಡ್ಜ್‌ಕಿನ್ ಅವರು ಆಕ್ಸ್‌ಫರ್ಡಿನಲ್ಲಿ 1935ರಲ್ಲಿಯೇ ಇನ್ಸುಲಿನ್ ಹರಳಿನ ಕ್ಷ-ಕಿರಣ ಚಿತ್ರವನ್ನು ತೆಗೆದರು. ಅದರ ರಚನೆ ಬಿಡಿಸಿಕೊಂಡದ್ದು 34 ವರ್ಷಗಳ ತರುವಾಯ, 1969ರಲ್ಲಿ. ಈ ನಡುವೆ 1964ರ ನೊಬೆಲ್ ಬಹುಮಾನ ಅವರಿಗೆ ಬಂದಿತ್ತು. ಆದರೂ 1969ರ ಲೇಖನದ ಹತ್ತು ಹೆಸರುಗಳಲ್ಲಿ ಹಾಡ್ಜ್‌ಕಿನ್ ಅವರದು ಎಂಟನೆಯದು. ಕಿರಿಯರ ಹೆಸರುಗಳು ಮುಂದೆ ನಿಂತವು. ಆ ಹೆಸರುಗಳಲ್ಲಿ ಅರ್ಧದಷ್ಟಾದರೂ ಮಹಿಳೆಯರವು. ಅವರಲ್ಲಿ ಎಲಿನೋರ್ ಡಾಡ್ಸನ್ ಅವರಿಗೆ ಪಿಎಚ್.ಡಿ. ಪದವಿಯೇ ಇರಲಿಲ್ಲ. ಗಣಿತದ ಪದವೀಧರೆಯಾಗಿ ಈ ತಂಡವನ್ನು ಸೇರಿದ ಅವರು ಕೆಲಸದೊಳಗಿಂದಲೇ ಬೆಳೆದು, ಮುಂದೆ ಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿ, 2003ರಲ್ಲಿ ರಾಯಲ್ ಸೊಸೈಟಿಯ ಸದಸ್ಯೆಯಾದರು. ಪದವಿಯ ಕೊರತೆ ಅನ್ನಾ ಮಣಿ ಅವರಿಗೆ ಮುಚ್ಚಿದ ಬಾಗಿಲಾದರೆ, ಎಲಿನೋರ್ ಅವರಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಇಬ್ಬರ ಪ್ರತಿಭೆಯಲ್ಲಿ ಹೆಚ್ಚುಕಡಿಮೆ ಎಣಿಸುವ ಅಗತ್ಯವಿಲ್ಲ. ವ್ಯತ್ಯಾಸವಿದ್ದದ್ದು ತಂಡ ಹಂಚಿಕೊಂಡ ಸಂಗತಿಗಳಲ್ಲಿ.

ಈ ಹತ್ತು ಹೆಸರುಗಳಲ್ಲಿ ಎಂ. ವಿಜಯನ್ ಅವರದೂ ಒಂದು. ರಾಮನ್ ಅವರು ಕಟ್ಟಿದ ಅದೇ ಭೌತವಿಜ್ಞಾನ ವಿಭಾಗದಲ್ಲಿ ಎಂ.ಎ. ವಿಶ್ವಾಮಿತ್ರ ಅವರ ವಿದ್ಯಾರ್ಥಿಯಾಗಿ ಡಾಕ್ಟರೇಟ್ ಪಡೆದು ಆಕ್ಸ್‌ಫರ್ಡಿಗೆ ಹೋದ ವಿಜಯನ್, ಮರಳಿ ಬಂದು ಬೆಂಗಳೂರಿನಲ್ಲಿ ಪ್ರೋಟೀನ್ ಸ್ಫಟಿಕವಿಜ್ಞಾನದ ತಂಡವನ್ನು ಬೆಳೆಸಿದರು. ತಂಡ ನಡೆಸುವ ಕ್ರಮವೂ ವಿದ್ಯೆಯಂತೆಯೇ ಕೈಯಿಂದ ಕೈಗೆ ದಾಟುವಂಥದು. ಬೆಂಗಳೂರಿನ ವಿಜ್ಞಾನ ಒಂದೇ ಪರಂಪರೆಗೆ ಕಟ್ಟುಬಿದ್ದದ್ದಲ್ಲ.

ಇಷ್ಟರಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಉಪಕರಣ, ಮಾತು, ಹೆಸರು, ಶಿಫಾರಸು ಎಂಬ ನಾಲ್ಕರಲ್ಲಿ ಒಂದು ಇದ್ದ ಮಾತ್ರಕ್ಕೆ ಉಳಿದವು ಬರುವುದಿಲ್ಲ. ರಾಮನ್ ಅವರ ತಂಡ ಉಪಕರಣವನ್ನೂ ಹೆಸರನ್ನೂ ನೀಡಿ ಮಾತನ್ನು ತಡೆಯಿತು. ಹಾಪ್ಕಿನ್ಸ್ ತಂಡ ಮಾತು ನೀಡಿಯೂ ನೆಲೆ ನೀಡಲಾರದೆ ಹೋಯಿತು. ಬ್ರಿಸ್ಟಲ್ ತಂಡ ಒಬ್ಬರಿಗೆ ಹೆಸರು ನೀಡಿ ಮತ್ತೊಬ್ಬರನ್ನು ಮರೆಯಿತು. ಮಹಿಳೆಯರ ಸಂಖ್ಯೆಯನ್ನಷ್ಟೇ ಎಣಿಸುವ ಸಮೀಕ್ಷೆಗಳಿಗೆ ಈ ಭೇದಗಳು ಕಾಣುವುದಿಲ್ಲ. 1973ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವು ಉಪನ್ಯಾಸಗಳ ಜೊತೆಗೆ ವಸತಿನಿಲಯ, ಶಿಶುಪಾಲನಾ ಕೇಂದ್ರಗಳಿಗೂ ಗಮನಕೊಟ್ಟದ್ದರ ಅರ್ಥ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ತಂಡ ಒದಗಿಸದ್ದನ್ನು ತಂಡದ ಹೊರಗೆ ಕಟ್ಟಿಕೊಳ್ಳುವ ಪ್ರಯತ್ನವದು.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯೊಂದಿದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ನಡೆದ ಕೆಲಸಕ್ಕೆ ಪದವಿ ಕೊಟ್ಟದ್ದು ಮುಂಬಯಿ, ನಿರಾಕರಿಸಿದ್ದು ಮದ್ರಾಸು, ನೆಲೆ ಕೊಟ್ಟದ್ದು ಪುಣೆ. ಕರ್ನಾಟಕದ ವಿಜ್ಞಾನದ ಚರಿತ್ರೆಯನ್ನು ಕರ್ನಾಟಕದೊಳಗೆ ಮಾತ್ರ ಕುಳಿತು ಬರೆಯಲಾಗದು. ವಿಶ್ವವಿದ್ಯಾಲಯಗಳ ನಡವಳಿಗಳು, ಇಲಾಖೆಗಳ ವಾರ್ಷಿಕ ವರದಿಗಳು, ಲೇಖನಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಕೃತಜ್ಞತೆಯ ಸಾಲುಗಳು, ಇವೆಲ್ಲವೂ ನಮಗೆ ಶಾಸನಗಳಷ್ಟೇ ಮೌಲಿಕವಾದ ಆಕರಗಳು. ಶಾಸನವೊಂದರ ಕೊನೆಯಲ್ಲಿ ಬರುವ ಸಾಕ್ಷಿಗಳ ಪಟ್ಟಿಯನ್ನು ಎಚ್ಚರದಿಂದ ಓದುವ ನಮ್ಮ ವಿದ್ವತ್ ಪರಂಪರೆ, ಲೇಖಕರ ಪಟ್ಟಿಯಿಂದ ಜಾರಿಹೋದ ಹೆಸರುಗಳನ್ನೂ ಅದೇ ಎಚ್ಚರದಿಂದ ಹುಡುಕಬಲ್ಲದು. ಆ ಕೆಲಸ ಇನ್ನೂ ಆರಂಭದ ಹಂತದಲ್ಲಿಯೇ ಇದೆ.